ಒಂದು ಸಾವಿರ ಅಡಿ ಎತ್ತರದ ತಕರಾರು

ಸೊಲ್ಲಾಪುರ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ, ಮಹಾರಾಷ್ಟ್ರದ ನಕ್ಷೆಯೊಳಗಿದ್ದರೂ ಮನೆಮಾತು ಕನ್ನಡವೇ ಆಗಿರುವ ಊರುಗಳು ಬಹಳ ಇವೆ. ಅಂಥದೊಂದು ಊರಿನ ಜಿಲ್ಲಾ ಪರಿಷತ್ ಕನ್ನಡ ಶಾಲೆಯಲ್ಲಿ ನಾನು ಮುಖ್ಯಾಧ್ಯಾಪಕಿ. ಊರಿನ ಉತ್ತರಕ್ಕೆ, ಜೋಳದ ಹೊಲಗಳನ್ನೂ ಒಂದು ಹಳ್ಳವನ್ನೂ ದಾಟಿದರೆ, ಪೂರ್ವ ಪಶ್ಚಿಮವಾಗಿ ಚಾಚಿಕೊಂಡ ಸಣ್ಣ ರನ್‌ವೇ ಸಿಗುತ್ತದೆ. ಅಲ್ಲಿಗೆ ಪ್ರಯಾಣಿಕರ ವಿಮಾನಗಳು ಬರುವುದಿಲ್ಲ. ಪೈಲಟ್ ಆಗಬೇಕೆಂದು ದೂರದ ಊರುಗಳಿಂದ ಬಂದ ಹುಡುಗ ಹುಡುಗಿಯರು ಹಾರಾಟ ಕಲಿಯುವ ಪುಟ್ಟ ವಿಮಾನಗಳು ಮಾತ್ರ ಏರಿ ಇಳಿಯುತ್ತವೆ. ಆ ಸದ್ದಿನ ಬಗ್ಗೆ ನಾವು ದೂರು ಕೊಟ್ಟದ್ದು, ದೂರು ಕಚೇರಿಯಿಂದ ಕಚೇರಿಗೆ ತಿರುಗಿದ್ದು, ಕಡೆಗೆ ಒಂದೇ ಮೇಜಿನ ಸುತ್ತ ಕೂತು ಅಷ್ಟಿಷ್ಟು ಬಗೆಹರಿಸಿಕೊಂಡದ್ದು ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಸಂಸ್ಥೆಯ ಹೆಸರನ್ನಾಗಲಿ ಊರುಗಳ ಹೆಸರನ್ನಾಗಲಿ ಹೇಳುವುದಿಲ್ಲ, ಏಕೆಂದರೆ ಅವರೊಂದಿಗಿನ ನಮ್ಮ ಮಾತುಕತೆ ಇನ್ನೂ ಮುಗಿದಿಲ್ಲ.

ಸಣ್ಣ ವಿಮಾನದ ಸದ್ದಿಗೆ ಯಾರಾದರೂ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆಯೇ ಎಂದು ಸೊಲ್ಲಾಪುರದ ಬಂಧುಗಳೇ ನನ್ನನ್ನು ಕೇಳಿದ್ದುಂಟು. ದೊಡ್ಡ ಜೆಟ್ ವಿಮಾನ ಮೇಲೆ ಹಾದುಹೋದರೆ ಅದರ ಆರ್ಭಟ ಅಲ್ಲಿಗೆ ಮುಗಿಯಿತು. ತರಬೇತಿ ವಿಮಾನ ಹಾಗೆ ಹೋಗಿಬಿಡುವುದಿಲ್ಲ. ಅದು ರನ್‌ವೇಯಿಂದ ಏರಿ, ಎಡಕ್ಕೆ ತಿರುಗಿ, ನೆಲದಿಂದ ಸುಮಾರು ಒಂದು ಸಾವಿರ ಅಡಿ ಎತ್ತರದಲ್ಲಿ ರನ್‌ವೇಗೆ ಸಮಾನಾಂತರವಾಗಿ ಹಿಂದಕ್ಕೆ ಹಾರಿ, ಮತ್ತೆ ಎರಡು ಸಲ ತಿರುಗಿ ಇಳಿಯುತ್ತದೆ. ಚಕ್ರ ನೆಲಕ್ಕೆ ತಾಗಿದ ಕೂಡಲೇ ನಿಲ್ಲದೆ ಪೂರ್ಣ ವೇಗ ಪಡೆದು ಪುನಃ ಏರುತ್ತದೆ. ಇದಕ್ಕೆ ಅವರು ಸರ್ಕ್ಯೂಟ್ ಎನ್ನುತ್ತಾರೆ, ತಾಗಿ ಏರುವುದನ್ನು ಟಚ್ ಆ್ಯಂಡ್ ಗೋ ಎನ್ನುತ್ತಾರೆ. ಒಂದು ಸುತ್ತಿಗೆ ಐದಾರು ನಿಮಿಷ ಸಾಕು. ಮೂರು ವಿಮಾನಗಳು ಒಟ್ಟಿಗೆ ಸುತ್ತತೊಡಗಿದರೆ ಎರಡು ನಿಮಿಷಕ್ಕೊಂದು ತಲೆಯ ಮೇಲೆ ಬರುತ್ತದೆ, ಕಣದಲ್ಲಿ ಹಂತಿ ಕಟ್ಟಿದ ಎತ್ತುಗಳು ಮೇಟಿಯ ಸುತ್ತ ತಿರುಗಿದ ಹಾಗೆ. ವಾಣಿಜ್ಯ ಪೈಲಟ್ ಪರವಾನಗಿಗೆ ನಮ್ಮ ದೇಶದಲ್ಲಿ ಒಬ್ಬ ವಿದ್ಯಾರ್ಥಿ ಕನಿಷ್ಠ 200 ಗಂಟೆ ಹಾರಿರಬೇಕು, ಅದರಲ್ಲಿ 100 ಗಂಟೆ ತಾನೇ ಮುಖ್ಯ ಚಾಲಕನಾಗಿರಬೇಕು. ಇಳಿಯುವುದನ್ನು ಕಲಿಯಲು ಸುತ್ತುವುದೊಂದೇ ದಾರಿ.

ನಮ್ಮ ಶಾಲೆಯ ಮೂರು ಕೋಣೆಗಳಿಗೆ ಮಾತ್ರ ಸ್ಲ್ಯಾಬ್ ಇದೆ, ಉಳಿದವು ಪತ್ರಾಸಿನವು, ಅಂದರೆ ತಗಡಿನ ಮಾಡಿನವು. ವಿಮಾನ ಹತ್ತಿರವಾದಂತೆ ಮೊದಲು ಪತ್ರಾಸಿನ ಮೊಳೆ ಸಡಿಲಾದ ಕಡೆ ಒಂದು ಸಣ್ಣ ಝೇಂಕಾರ ಏಳುತ್ತದೆ, ಸದ್ದು ಕಿವಿಗೆ ಬೀಳುವುದು ಅದರ ಅನಂತರ. ಎರಡನೆಯ ಇಯತ್ತೆಯ (ತರಗತಿಯ) ಮಕ್ಕಳು ಉಕ್ತಲೇಖನ ಬರೆಯುವಾಗ ಆ ಝೇಂಕಾರ ಕೇಳಿದ ತಕ್ಷಣ, ನಾನು ಹೇಳದಿದ್ದರೂ, ಬಳಪವನ್ನು ಪಾಟಿಯಿಂದ ಎರಡು ಬೆರಳು ಮೇಲೆತ್ತಿ ಹಿಡಿದು ಕೂರಲು ರೂಢಿ ಮಾಡಿಕೊಂಡಿದ್ದವು. ಯಾರೂ ಮೇಲೆ ನೋಡುತ್ತಿರಲಿಲ್ಲ. ಸದ್ದು ದಾಟಿದ ಮೇಲೆ ಬಳಪ ಇಳಿಯುತ್ತಿತ್ತು, ಆದರೆ ನಾನು ಹೇಳಿದ್ದ ಪದದ ಕೊನೆಯ ಅಕ್ಷರ ಅಷ್ಟರಲ್ಲಿ ಅರ್ಧ ತರಗತಿಗೆ ಮರೆತುಹೋಗಿರುತ್ತಿತ್ತು. ಮಗ್ಗಿಯನ್ನು ಎಲ್ಲರೂ ಕೂಡಿ ಕೂಗಿ ಹೇಳುವುದರಿಂದ ಅದಕ್ಕೆ ತೊಂದರೆಯಿರಲಿಲ್ಲ. ಓದುವ ಮತ್ತು ಕೇಳಿ ಬರೆಯುವ ಪಾಠಗಳೇ ತುಂಡಾಗುತ್ತಿದ್ದವು.

ಬೇಸಿಗೆಯಲ್ಲಿ ಇದು ಇನ್ನೂ ಹೆಚ್ಚು. ಮಾರ್ಚ್ ಬಂತೆಂದರೆ ನಮ್ಮ ಕಡೆ ಶಾಲೆ ಮುಂಜಾನೆಗೆ ಬದಲಾಗುತ್ತದೆ. ಅದೇ ಬಿಸಿಲಿನ ದೆಸೆಯಿಂದ ವಿಮಾನಗಳೂ ಮುಂಜಾನೆಗೇ ಸರಿಯುತ್ತವೆ: ಕಾದ ಗಾಳಿ ತೆಳುವಾಗುವುದರಿಂದ ಸಣ್ಣ ಎಂಜಿನ್ನಿಗೆ ಏರುವ ಶಕ್ತಿ ಕುಂದುತ್ತದೆ, ಮಧ್ಯಾಹ್ನ ನೆಲದಿಂದ ಏಳುವ ಬಿಸಿಗಾಳಿ ಕಲಿಯುವವರ ಕೈಯಲ್ಲಿರುವ ವಿಮಾನವನ್ನು ಎತ್ತಿ ಕುಕ್ಕುತ್ತದೆ. ಹೀಗೆ ಒಂದೇ ಬಿಸಿಲಿಗೆ ಅಂಜಿ ಶಾಲೆಯೂ ವಿಮಾನವೂ ಬೆಳಗಿನ ಏಳರಿಂದ ಹನ್ನೊಂದರೊಳಗಿನ ಅವಧಿಯನ್ನೇ ಆರಿಸಿಕೊಂಡಿದ್ದವು. ಇದು ಹೊಳೆದದ್ದು ಬಹಳ ತಡವಾಗಿ, ಕಾಗದಪತ್ರಗಳೆಲ್ಲ ಓಡಾಡಿ ಸಾಕಾದ ಮೇಲೆ; ಆದರೆ ಕೊನೆಗೆ ತಕರಾರು ಬಗೆಹರಿಯುವ ತುದಿ ಸಿಕ್ಕಿದ್ದು ಇಲ್ಲಿಯೇ.

ಸರಕಾರಿ ನೌಕರಳಾದ ನಾನು ನೇರವಾಗಿ ಅರ್ಜಿ ಹಾಕುವುದು ಸರಿಯಾಗಿರಲಿಲ್ಲವಾದ್ದರಿಂದ ಶಾಲಾ ವ್ಯವಸ್ಥಾಪನ ಸಮಿತಿಯ ಸಭೆ ಕರೆದೆವು. ಅಧ್ಯಕ್ಷರ ಸಹಿಯಿಂದ ಅರ್ಜಿ ಗ್ರಾಮಪಂಚಾಯಿತಿಗೆ ಹೋಯಿತು, ಗ್ರಾಮಸಭೆಯಲ್ಲಿ ಠರಾವು ಮಂಡನೆಯಾಯಿತು. ಸಭೆಯಲ್ಲಿ ಊರು ಒಂದೇ ಬಾಯಾಗಿ ಮಾತಾಡಲಿಲ್ಲ. ರನ್‌ವೇ ಗೇಟಿನ ಎದುರು ಚಹಾದ ಹೋಟೆಲ್ ಇಟ್ಟಿರುವವರು, ಅಲ್ಲಿ ಕಾವಲಿಗೆ ಮತ್ತು ಅಡುಗೆಗೆ ಹೋಗುವ ಮನೆಗಳವರು, ದೂರು ಕೊಟ್ಟು ಕೆಲಸ ಕಳೆಯಬೇಡಿರೆಂದರು. ಕೋಳಿ ಫಾರಂ ಇರುವ ಒಬ್ಬ ಕಾಕಾ ಎದ್ದು ನಿಂತು, "ಅಕ್ಕೋರ, ನೀವು ಸಾಲಿದು ಬರದೀರಿ, ನನ್ನ ಕೋಳಿದು ಯಾರು ಬರೀತಾರ? ವಿಮಾನ ಬಂತಂದ್ರ ಎಲ್ಲಾ ಒಂದ ಮೂಲ್ಯಾಗ ಒಟ್ಟಿಕೊಂಡು ಬೀಳ್ತಾವು, ತತ್ತಿ ಕಮ್ಮಿ ಆಗ್ಯಾವು" ಎಂದರು. ಕಡಿಮೆಯಾದ ತತ್ತಿಯ ಲೆಕ್ಕ ಬರೆದಿಟ್ಟಿದ್ದೀರಾ ಎಂದು ಸರಪಂಚರು ಕೇಳಿದರು. ಬರೆದಿಟ್ಟಿರಲಿಲ್ಲ. ಠರಾವಿನಲ್ಲಿ ಶಾಲೆಯ ವಿಷಯವಷ್ಟೇ ಉಳಿಯಿತು. ಅದು ಮರಾಠಿಯಲ್ಲಿ ಬರೆಸಿಕೊಂಡು, ತಹಸೀಲ್ ಕಚೇರಿಯ ಮೂಲಕ, ಪ್ರತಿ ತಿಂಗಳ ಮೊದಲ ಸೋಮವಾರ ನಡೆಯುವ ಜಿಲ್ಲಾಧಿಕಾರಿಗಳು ಜನರ ಅಹವಾಲು ಕೇಳುವ ಲೋಕಶಾಹಿ ದಿನಕ್ಕೆ ಹೋಯಿತು, ಅಲ್ಲಿಂದ ಮಾಲಿನ್ಯ ನಿಯಂತ್ರಣ ಮಂಡಳಿಗೆ ವರ್ಗವಾಯಿತು. ಈ ನಡುವಿನ ಓಡಾಟದಲ್ಲಿ ಹೇಳುವಂಥದ್ದೇನೂ ಇಲ್ಲ; ಎಲ್ಲ ಅರ್ಜಿಗಳ ಹಾಗೆಯೇ ಇದೂ ನಡೆಯಿತು.

ಮಂಡಳಿಯವರು ಕೇಳಿದ ಮೊದಲ ಪ್ರಶ್ನೆ, ಸದ್ದು ಎಷ್ಟು ಡೆಸಿಬಲ್ ಎಂಬುದು. ಮೊಬೈಲಿನ ಆ್ಯಪ್ ತೋರಿಸಿದ ಅಂಕಿಗಳು ಅಲ್ಲಿ ನಡೆಯುವುದಿಲ್ಲ, ಪ್ರಮಾಣೀಕರಿಸಿದ ಮೀಟರೇ ಬೇಕು. ನಮ್ಮ ಶಾಲೆಯಲ್ಲೇ ಕಲಿತು ಈಗ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುತ್ತಿರುವ ಹುಡುಗನೊಬ್ಬ ಕಾಲೇಜಿನ ಮೀಟರ್ ತಂದು, ಶಾಲೆಯ ಅಂಗಳದಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪೂರ್ವಾಹ್ನವೆಲ್ಲ ಅಳೆದ. ವಿಮಾನ ಸರಿಯಾಗಿ ನೆತ್ತಿಯ ಮೇಲಿದ್ದಾಗ ಮುಳ್ಳು ಎಪ್ಪತ್ತರ ಆಸುಪಾಸಿಗೆ ಏರುತ್ತಿತ್ತು. ವಿಮಾನವಿಲ್ಲದಾಗ ನಮ್ಮಂಥ ಊರಿನಲ್ಲಿ ನಲವತ್ತೈದರ ಹತ್ತಿರ ಇರುತ್ತದೆ. ಇಪ್ಪತ್ತೈದು ಡೆಸಿಬಲ್ ಏರಿಕೆಯೆಂದರೆ ಕಿವಿಗೆ ಐದಾರು ಪಟ್ಟು ಹೆಚ್ಚಿದಂತೆ ತೋರುವ ಸದ್ದು. ಗೆದ್ದೆವೆಂದೇ ಅಂದುಕೊಂಡಿದ್ದೆವು.

ಆದರೆ ಕಾನೂನು ನೋಡುವುದು ಏರಿದ ಮುಳ್ಳನ್ನಲ್ಲ, ಸರಾಸರಿಯನ್ನು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬಲ್ ಮಿತಿ. ಹಗಲೆಂದರೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ. ಒಂದು ವಿಮಾನ ಗಂಟೆಗೆ ಹತ್ತು ಹನ್ನೆರಡು ಸುತ್ತು ಹಾಕಿದರೂ, ಪ್ರತಿ ಸುತ್ತಿನಲ್ಲಿ ಸದ್ದು ಜೋರಾಗಿರುವುದು ಹದಿನೈದು ಇಪ್ಪತ್ತು ಸೆಕೆಂಡು ಮಾತ್ರ. ಆ ಶಕ್ತಿಯನ್ನೆಲ್ಲ ಒಂದು ಗಂಟೆಗೆ ಹಂಚಿದರೆ ಸರಾಸರಿ 54ರ ಹತ್ತಿರ ಬಂದು ನಿಲ್ಲುತ್ತದೆ. ಹಾರಾಟವಿಲ್ಲದ ಮಧ್ಯಾಹ್ನ ಸಂಜೆಗಳನ್ನೂ ಸೇರಿಸಿ ಹದಿನಾರು ಗಂಟೆಗೆ ಹಂಚಿದರೆ ಐವತ್ತಕ್ಕೆ ಇಳಿಯುತ್ತದೆ. ಪಾಠ ನಿಂತದ್ದು ನಿಜ, ಮಿತಿ ಮೀರಿಲ್ಲವೆಂಬುದೂ ನಿಜ. ಅದರ ಮೇಲೆ, ವಿಮಾನ ನಿಲ್ದಾಣಗಳ ಸುತ್ತಲಿನ ಪ್ರದೇಶಕ್ಕೆಂದೇ ಕೇಂದ್ರ ಪರಿಸರ ಸಚಿವಾಲಯ 2018ರಲ್ಲಿ ಬೇರೆ ಮಾನದಂಡ ಹೊರಡಿಸಿದೆ: ವರ್ಷಕ್ಕೆ 50,000ಕ್ಕಿಂತ ಹೆಚ್ಚು ಏರಿಳಿತಗಳಿರುವ ದಟ್ಟಣೆಯ ನಿಲ್ದಾಣಗಳಿಗೆ ಹಗಲು 70, ರಾತ್ರಿ 65, ಉಳಿದವಕ್ಕೆ 65 ಮತ್ತು 60. ಆ ಅಂಕಿಗಳ ಮುಂದೆ ನಮ್ಮ ಐವತ್ತು ಏನೇನೂ ಅಲ್ಲ.

ಶಾಲೆಯ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯವಲ್ಲವೇ, ಅಲ್ಲಿ ಹಗಲಿನ ಮಿತಿ 50 ಅಲ್ಲವೇ ಎಂದು ನಾನು ಕೇಳಿದೆ. ಅಧಿಕಾರಿಗಳು ಸಮಾಧಾನದಿಂದಲೇ 2017ರ ತಿದ್ದುಪಡಿಯನ್ನು ತೋರಿಸಿದರು: ರಾಜ್ಯ ಸರಕಾರ ನಿರ್ದಿಷ್ಟವಾಗಿ ಅಧಿಸೂಚನೆ ಹೊರಡಿಸದ ಹೊರತು ಯಾವ ಪ್ರದೇಶವೂ ತಾನಾಗಿ ನಿಶ್ಶಬ್ದ ವಲಯವಾಗುವುದಿಲ್ಲ. ನಮ್ಮ ಊರಿನ ಹೆಸರು ಅಂಥ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಮೀಟರಿನ ವಿಷಯದಲ್ಲಿ ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. ಎರಡು ಅಲಗಿನ ಪ್ರೊಪೆಲರ್ ನಿಮಿಷಕ್ಕೆ 2,400 ಸುತ್ತು ತಿರುಗಿದರೆ ಸೆಕೆಂಡಿಗೆ 80 ಬಡಿತವಾಗುತ್ತದೆ, ಅದು ತಗ್ಗಿನ ಸ್ವರ. ಮೀಟರು ಮನುಷ್ಯನ ಕಿವಿಗೆ ಹೊಂದುವಂತೆ ತಗ್ಗಿನ ಸ್ವರಗಳನ್ನು ಕಳೆದು ಅಳೆಯುತ್ತದೆ. 80 ಹರ್ಟ್ಸ್‌ನಲ್ಲಿ ಈ ಕಳೆತ ಸುಮಾರು 22 ಡೆಸಿಬಲ್. ಪತ್ರಾಸನ್ನು ಅಲುಗಿಸಿ ಝೇಂಕರಿಸುವಂತೆ ಮಾಡುವುದು ಮುಖ್ಯವಾಗಿ ಈ ತಗ್ಗಿನ ಬಡಿತವೇ. ಅಂದರೆ ಕೋಣೆಯೊಳಗೆ ಪಾಠವನ್ನು ಕೆಡಿಸುವ ಸದ್ದಿನ ಮೂಲವೇ ಅಂಗಳದಲ್ಲಿಟ್ಟ ಮೀಟರಿನ ಲೆಕ್ಕದಿಂದ ಬಹುಮಟ್ಟಿಗೆ ಹೊರಗೆ ಉಳಿಯಿತು. ಇದು ಯಾರ ಕುತಂತ್ರವೂ ಅಲ್ಲ, ಜಗತ್ತಿನಲ್ಲೆಲ್ಲ ಹಾಗೆಯೇ ಅಳೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಪಾಠ ನಡೆಯುವಾಗ ತರಗತಿಯೊಳಗೆ 35 ಡೆಸಿಬಲ್ ಮೀರಬಾರದೆಂದು ಹೇಳಿದೆಯಾದರೂ, ಆ ಕಾಗದ ತೋರಿಸಿ ಯಾರನ್ನೂ ಬಾಧ್ಯರನ್ನಾಗಿ ಮಾಡಲು ಬರುವುದಿಲ್ಲ.

ಅಷ್ಟರಲ್ಲಿ ಸಮಿತಿಯ ಅಧ್ಯಕ್ಷರು ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ್ದರು. ಅದರಲ್ಲಿ ನಾನು ಸೇರಿಸಿದ ಪ್ರಶ್ನೆಯೆಂದರೆ, ತಾಗಿ ಏರುವುದನ್ನು ಎಷ್ಟು ಏರಿಳಿತವೆಂದು ಎಣಿಸುತ್ತೀರಿ ಎಂಬುದು. ಎರಡು ಎಂದು ಉತ್ತರ ಬಂತು: ಒಂದು ಇಳಿತ, ಒಂದು ಏರಿಕೆ. ಹಾಗಾದರೆ ಒಂದು ವಿಮಾನ ಒಂದು ಗಂಟೆ ಸುತ್ತಿದರೆ ಸುಲಭವಾಗಿ ಇಪ್ಪತ್ತು ಏರಿಳಿತಗಳಾಗುತ್ತವೆ, ಜನವಸತಿಯ ಪಕ್ಕದ ಪುಟ್ಟ ತರಬೇತಿ ರನ್‌ವೇಯೂ ಅಂಕಿಯಲ್ಲಿ ನಗರದ ನಿಲ್ದಾಣವೊಂದರ ಸಮಕ್ಕೆ ಬಂದುಬಿಡಬಹುದು. ಆದರೆ ಅಷ್ಟು ದಟ್ಟಣೆಯಾದರೆ ಮಿತಿ ಬಿಗಿಯಾಗುವ ಬದಲು 65ರಿಂದ 70ಕ್ಕೆ ಸಡಿಲವಾಗುತ್ತದೆ! ನಿಯಮ ಮಾಡಿದವರು ದೊಡ್ಡ ನಗರಗಳ ದೊಡ್ಡ ನಿಲ್ದಾಣಗಳನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದ್ದಾರೆ, ತರಬೇತಿ ರನ್‌ವೇ ಅವರ ಲೆಕ್ಕದಲ್ಲಿ ಇದ್ದಂತೆ ಕಾಣುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ನ್ಯಾಯಾಲಯಕ್ಕೆ ಹೋಗೋಣವೆಂಬ ಮಾತು ಊರಿನಲ್ಲಿ ಬಂದಾಗ ಅಕ್ಕಲಕೋಟೆಯ ವಕೀಲರೊಬ್ಬರನ್ನು ಕಂಡೆವು. ಅವರು ಆಗ ಜಾರಿಯಲ್ಲಿದ್ದ 1934ರ ವಿಮಾನ ಕಾಯ್ದೆಯ 17ನೆಯ ಕಲಮನ್ನು ಓದಿ ಹೇಳಿದರು. ಗಾಳಿ, ಹವೆ ಮತ್ತು ಸಂದರ್ಭಗಳನ್ನು ನೋಡಿದಾಗ ಯುಕ್ತವೆನಿಸುವ ಎತ್ತರದಲ್ಲಿ ವಿಮಾನ ಒಬ್ಬರ ಆಸ್ತಿಯ ಮೇಲೆ ಹಾರಿದ ಮಾತ್ರಕ್ಕೆ ಅತಿಕ್ರಮಣವೆಂದಾಗಲಿ ಉಪದ್ರವವೆಂದಾಗಲಿ ಸಿವಿಲ್ ದಾವೆ ಹೂಡುವಂತಿಲ್ಲ. ದಟ್ಟ ವಸತಿಯ ಮೇಲೆ ಸಾವಿರ ಅಡಿ, ಬೇರೆ ಕಡೆ ಐದುನೂರು ಅಡಿ ಎಂಬ ಕನಿಷ್ಠ ಎತ್ತರದ ನಿಯಮವಿದೆ. ಆದರೆ ಏರುವಾಗ ಇಳಿಯುವಾಗ ಅದಕ್ಕೆ ವಿನಾಯಿತಿಯಿದೆ, ಮತ್ತು ನಮ್ಮ ಮೇಲೆ ಬರುವ ವಿಮಾನಗಳು ಹೇಗೂ ಸಾವಿರ ಅಡಿಯಲ್ಲೇ ಇದ್ದವು. ಕೋಳಿ ಕಾಕಾ ಜೊತೆಗೆ ಬಂದಿದ್ದರಿಂದ ವಕೀಲರು ಅಮೆರಿಕದ ಒಂದು ಹಳೆಯ ಮೊಕದ್ದಮೆಯನ್ನೂ ನೆನೆದರು. ಉತ್ತರ ಕೆರೊಲಿನಾದ ಕಾಸ್ಬಿ ಎಂಬ ಕೋಳಿ ಸಾಕುವವನ ಮನೆಯ ಮೇಲೆ, ನೆಲದಿಂದ 83 ಅಡಿಯಷ್ಟೇ ಎತ್ತರದಲ್ಲಿ, ಯುದ್ಧಕಾಲದ ಸೇನಾ ವಿಮಾನಗಳು ಇಳಿಯುತ್ತಿದ್ದವು. ಬೆದರಿದ ಕೋಳಿಗಳು ಗೋಡೆಗೆ ಅಪ್ಪಳಿಸಿ ಸತ್ತು ಅವನ ವ್ಯಾಪಾರವೇ ನಿಂತುಹೋಯಿತು. 1946ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಅವನಿಗೆ ಪರಿಹಾರ ಸಲ್ಲಬೇಕೆಂದು ತೀರ್ಪು ಕೊಟ್ಟಿತು. ಕಾಕಾನ ಮುಖ ಅರಳಿತು. "ಅದು ಎಂಬತ್ಮೂರು ಅಡಿ ರೀ, ನಿಮ್ದು ಸಾವಿರ ಅಡಿ" ಎಂದು ವಕೀಲರು ಅಲ್ಲಿಗೇ ನಿಲ್ಲಿಸಿದರು. ಸಾವಿರ ರೂಪಾಯಿ ಶುಲ್ಕ ಕಟ್ಟಿ ಪುಣೆಯಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪೀಠಕ್ಕೆ ಅರ್ಜಿ ಹಾಕಬಹುದೆಂದೂ, ಆದರೆ ಮಿತಿ ಮೀರದ ಅಳತೆ ಕೈಯಲ್ಲಿಟ್ಟುಕೊಂಡು ಹೋಗುವುದು ಜಾಣತನವಲ್ಲವೆಂದೂ ಹೇಳಿ, ತಾವು ಫೀ ತೆಗೆದುಕೊಳ್ಳದೆ ಕಳಿಸಿದರು.

ಹೀಗೆ ಕಾನೂನಿನ ಬಾಗಿಲುಗಳೆಲ್ಲ ಸೌಜನ್ಯದಿಂದಲೇ ಮುಚ್ಚಿದ ಮೇಲೆ, ತಹಸೀಲ್ದಾರರ ಸಲಹೆಯಂತೆ ನಾವು ತರಬೇತಿ ಸಂಸ್ಥೆಯ ಮುಖ್ಯ ತರಬೇತುದಾರರ ಭೇಟಿ ಕೇಳಿದೆವು. ಮೊದಲ ಪತ್ರಕ್ಕೆ ಉತ್ತರ ಬರಲಿಲ್ಲ. ಸರಪಂಚರು ಗೇಟಿನಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗನ ಕೈಯಲ್ಲಿ ಹೇಳಿ ಕಳಿಸಿದ ಮೇಲೆ ಕರೆ ಬಂತು. ಅವರು ವಾಯುಪಡೆಯಲ್ಲಿದ್ದು ನಿವೃತ್ತರಾದವರು. ಮಾತು ಹಿಂದಿಯಲ್ಲಿ ನಡೆಯಿತು. ಶುರುವಿನಲ್ಲಿ ಅವರು ದೇಶಕ್ಕೆ ಪೈಲಟ್‌ಗಳ ಕೊರತೆ ಎಷ್ಟಿದೆ ಎಂಬುದನ್ನೇ ಹೇಳಿದರು. 2023ರೊಂದರಲ್ಲೇ ಏರ್ ಇಂಡಿಯಾ 470, ಇಂಡಿಗೊ 500 ಹೊಸ ವಿಮಾನಗಳನ್ನು ಕೊಳ್ಳುವುದಾಗಿ ಪ್ರಕಟಿಸಿವೆ, ಅವನ್ನು ಯಾರು ಹಾರಿಸಬೇಕು ಎಂದರು. ಅದನ್ನು ನಾವು ಅಲ್ಲಗಳೆಯಲಿಲ್ಲ. ಆ ಎಲ್ಲ ಪೈಲಟ್‌ಗಳ ಮೊದಲ ನೂರಾರು ಇಳಿತಗಳು ಯಾವುದೋ ಹಳ್ಳಿಯ ಶಾಲೆಯ ಮೇಲೆಯೇ ನಡೆಯುತ್ತವೆಯೆಂದು ಮಾತ್ರ ಹೇಳಿದೆ.

ಅವರು ಮೇಜಿನ ಮೇಲೆ ನಕ್ಷೆ ಹರಡಿದ ಮೇಲೆ ಮಾತು ಬೇರೆಯಾಯಿತು. ವಿಮಾನ ಯಾವಾಗಲೂ ಗಾಳಿಗೆ ಎದುರಾಗಿ ಏರಬೇಕು, ಇಳಿಯಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಪಡುವಣ ಗಾಳಿ; ವಿಮಾನ ಪಶ್ಚಿಮಕ್ಕೆ ಏರುತ್ತದೆ, ರೂಢಿಯಂತೆ ಎಡಕ್ಕೆ ತಿರುಗುತ್ತದೆ, ಎಡಕ್ಕೆ ಅಂದರೆ ದಕ್ಷಿಣಕ್ಕೆ, ನಮ್ಮೂರಿಗೆ. ಚಳಿಗಾಲದಲ್ಲಿ ಮೂಡಣ ಗಾಳಿ ಬೀಸಿದಾಗ ಪೂರ್ವಕ್ಕೆ ಏರಿ ಎಡಕ್ಕೆ ತಿರುಗಿದರೆ ಅದು ಉತ್ತರದ ಊರಿನ ಮೇಲೆ ಹೋಗುತ್ತದೆ. ಚಳಿಗಾಲದಲ್ಲಿ ಸದ್ದು ತಗ್ಗುವುದನ್ನು ನಾವು ಗಮನಿಸಿದ್ದೆವು, ಆಗ ವಿದ್ಯಾರ್ಥಿಗಳು ರಜೆಗೆ ಹೋಗಿರಬಹುದೆಂದು ಊರಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಹೋಗಿರಲಿಲ್ಲ, ಅವರು ಆಚೆಯ ಊರಿನ ಮೇಲೆ ಸುತ್ತುತ್ತಿದ್ದರು.

ನಮ್ಮ ಅರ್ಜಿಯ ಮುಖ್ಯ ಬೇಡಿಕೆ ವಿಮಾನಗಳನ್ನು ಇನ್ನೂ ಎತ್ತರದಲ್ಲಿ ಹಾರಿಸಿ ಎಂಬುದಾಗಿತ್ತು. ಅವರು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ. ಸಾವಿರ ಅಡಿಯಿಂದ ಒಂದೂವರೆ ಸಾವಿರಕ್ಕೆ ಏರಿಸಿದರೆ ಇಳಿಯುವುದು ಮೂರೂವರೆಯಷ್ಟೇ, ಮಕ್ಕಳ ಕಿವಿಗೆ ಅದು ಗೊತ್ತಾಗುವುದೂ ಕಷ್ಟ. ಮೇಲಾಗಿ ಏರಲು ಹೆಚ್ಚು ಹೊತ್ತು ಪೂರ್ಣ ಶಕ್ತಿಯಲ್ಲಿ ಎಂಜಿನ್ ಓಡಿಸಬೇಕು. ಅದರ ಬದಲು ವಿಮಾನದ ದಾರಿಯನ್ನು ಊರ ನೆತ್ತಿಯಿಂದ 600 ಮೀಟರ್ ಪಕ್ಕಕ್ಕೆ ಸರಿಸಿದರೆ 7 ಡೆಸಿಬಲ್ ಇಳಿಯುತ್ತದೆ. ಹಾಗಾದರೆ ಊರಿನಾಚೆ ದಕ್ಷಿಣಕ್ಕೆ ಸರಿಸಿರೆಂದು ಸರಪಂಚರು ಕೇಳಿದರು. ಅದಾಗದು ಎಂದರು. ಸಾವಿರ ಅಡಿಯಲ್ಲಿ ಎಂಜಿನ್ ನಿಂತರೆ ಇಂಥ ವಿಮಾನ ಸುಮಾರು ಎರಡೂಮುಕ್ಕಾಲು ಕಿಲೋಮೀಟರ್ ಜಾರಿಕೊಂಡು ಹೋಗಬಲ್ಲದು, ತಿರುಗುವಾಗ ಅದರಲ್ಲೂ ಕಳೆದುಹೋಗುತ್ತದೆ. ಕಲಿಯುವ ಹುಡುಗ ಒಬ್ಬನೇ ಇದ್ದಾಗ ರನ್‌ವೇಗೆ ಮರಳಿ ತಲುಪುವಷ್ಟು ಹತ್ತಿರದಲ್ಲಿಯೇ ಇರಬೇಕು. ಆದ್ದರಿಂದ ಒಳಕ್ಕೆ, ಊರಿಗೂ ರನ್‌ವೇಗೂ ನಡುವಿನ ಹಳ್ಳದ ಗುಂಟ ಹಾರಿಸಲು ಒಪ್ಪಿದರು. ಕಲಿಯುವವರಿಗೆ ಮೇಲಿನಿಂದ ಎದ್ದು ಕಾಣುವ ಗುರುತು ಬೇಕಾಗುತ್ತದೆ, ಹಳ್ಳದ ದಂಡೆಯ ಜಾಲಿಯ ಸಾಲು ಅದಕ್ಕೆ ಒದಗಿತು. ಒಂದಕ್ಕಿಂತ ಹೆಚ್ಚು ವಿಮಾನಗಳಿದ್ದಾಗ ಹಿಂದಿನವನು ಅಂತರ ಕಾಯಲು ಹೊರಕ್ಕೆ ಸರಿಯುತ್ತಾನೆ, ಆಗ ಮತ್ತೆ ಊರ ಮೇಲೆಯೇ ಬರುತ್ತಾನೆ. ಇದು ಈಗಲೂ ಆಗುತ್ತದೆ.

ಸಮಿತಿಯವರ ಎರಡನೆಯ ಬೇಡಿಕೆ ಮಳೆಗಾಲದಲ್ಲಿ ವಿಮಾನಗಳು ಬಲಕ್ಕೆ ತಿರುಗಲಿ ಎಂಬುದು. ತಾಂತ್ರಿಕವಾಗಿ ಅದು ಅಸಾಧ್ಯವಲ್ಲ, ಎಷ್ಟೋ ರನ್‌ವೇಗಳಲ್ಲಿ ಬಲಸುತ್ತು ಇದೆ. ಈ ಸುದ್ದಿ ಉತ್ತರದ ಊರಿಗೆ ಹೇಗೋ ಮುಟ್ಟಿ, ಅಲ್ಲಿಯ ಹಿರಿಯರು ನಮ್ಮ ಪಂಚಾಯಿತಿ ಕಟ್ಟೆಗೆ ಬಂದರು. ಅಲ್ಲಿಯೂ ಒಂದು ಶಾಲೆ ಇದೆ, ಮರಾಠಿ ಮಾಧ್ಯಮದ್ದು. ಚಳಿಗಾಲದ ಸದ್ದು ಹೇಗೂ ಅವರದೇ. ಮಳೆಗಾಲದ್ದನ್ನೂ ಅತ್ತ ತಿರುಗಿಸಿದರೆ ಹನ್ನೆರಡು ತಿಂಗಳೂ ಅವರ ಪಾಲಿಗೇ ಬೀಳುತ್ತದೆ. ನನಗೆ ಜರ್ಮನಿಯ ಮ್ಯೂನಿಕ್ ನಗರದ ವಿಷಯ ನೆನಪಾಯಿತು. ಅಲ್ಲಿ 1992ರಲ್ಲಿ ಹಳೆಯ ವಿಮಾನ ನಿಲ್ದಾಣ ಮುಚ್ಚಿ ದೂರದಲ್ಲಿ ಹೊಸದು ತೆರೆದಾಗ ಸಂಶೋಧಕರು ಎರಡೂ ಕಡೆಯ ಮಕ್ಕಳನ್ನು ಪರೀಕ್ಷಿಸಿದ್ದರು. ಹಳೆಯ ನಿಲ್ದಾಣದ ಹತ್ತಿರದ ಮಕ್ಕಳ ಓದು ಮತ್ತು ನೆನಪು ಸುಧಾರಿಸಿದವು, ಹೊಸದರ ಹತ್ತಿರದ ಮಕ್ಕಳಲ್ಲಿ ಕುಂದಿದವು. ದೊಡ್ಡ ಜೆಟ್‌ಗಳ ಸದ್ದಿನ ಆ ಅಧ್ಯಯನ ನಮ್ಮ ಪುಟ್ಟ ವಿಮಾನಗಳಿಗೆ ನೇರವಾಗಿ ಅನ್ವಯಿಸದು, ಆದರೆ ಸದ್ದನ್ನು ಪಕ್ಕದ ಊರಿಗೆ ದಾಟಿಸುವುದೆಂದರೆ ಏನೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಬಲಸುತ್ತಿನ ಬೇಡಿಕೆಯನ್ನು ಸಮಿತಿ ಕೈಬಿಟ್ಟಿತು. ಇದಕ್ಕೆ ನಮ್ಮೂರ ಕೆಲವರು ನನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾರೆ.

ಅನಂತರದ ಸಭೆಗೆ ಎರಡೂ ಊರಿನವರು ಕೂಡಿಯೇ ಹೋದೆವು. ಎಷ್ಟು ಡೆಸಿಬಲ್ ಎಂಬ ಮಾತನ್ನು ಅಲ್ಲಿ ಎತ್ತಲೇ ಇಲ್ಲ, ಯಾವ ಹೊತ್ತಿಗೆ ಎಂಬುದನ್ನಷ್ಟೇ ಮಾತಾಡಿದೆವು. ಎರಡೂ ಶಾಲೆಗಳ ವೇಳಾಪತ್ರಿಕೆಗಳನ್ನು ಒಯ್ದಿದ್ದೆ. ಜರ್ಮನಿಯಲ್ಲಿ 1999ರಿಂದ ಸಣ್ಣ ವಿಮಾನಗಳ ನಿಲ್ದಾಣಗಳಿಗೆಂದೇ ಒಂದು ನಿಯಮವಿದ್ದು, ದಟ್ಟಣೆ ಹೆಚ್ಚಿರುವಲ್ಲಿ ವಾರದ ದಿನಗಳ ಮಧ್ಯಾಹ್ನ ಒಂದರಿಂದ ಮೂರರವರೆಗೆ ಸದ್ದು ತಗ್ಗಿಸದ ವಿಮಾನಗಳು ಸುತ್ತು ಹಾಕುವಂತಿಲ್ಲವೆಂದು ಓದಿದ್ದನ್ನು ಅವರ ಮುಂದಿಟ್ಟೆ. ಮುಖ್ಯ ತರಬೇತುದಾರರಿಗೆ ಅದು ಗೊತ್ತಿತ್ತು. ನಮ್ಮ ಬಿಸಿಲಿನಲ್ಲಿ ಬೆಳಗಿನ ಹೊತ್ತನ್ನು ಪೂರ್ತಿ ಬಿಟ್ಟುಕೊಡುವುದು ಆಗದ ಮಾತೆಂದರು. ಪೂರ್ತಿ ಬೇಡ, ಭಾಷೆ ಮತ್ತು ಓದಿನ ಪಾಠಗಳನ್ನೆಲ್ಲ ಮೊದಲ ಎರಡು ಗಂಟೆಗೆ ಹೊಂದಿಸಿಕೊಳ್ಳುತ್ತೇವೆ, ಆ ಎರಡು ಗಂಟೆ ಸುತ್ತು ನಿಲ್ಲಿಸಿರೆಂದು ಕೇಳಿದೆವು. ಹಾರಾಟ ಕಲಿಯುವವರೆಲ್ಲ ಸುತ್ತುವುದಿಲ್ಲ. ಮೇಲೆ ಹೋಗಿ ತಿರುವು, ವೇಗ ಕಳೆದು ಚೇತರಿಸಿಕೊಳ್ಳುವುದು ಮುಂತಾದ ಅಭ್ಯಾಸಗಳನ್ನು ದೂರದ ಬಯಲಿನ ಮೇಲೆ ಮೂರು ನಾಲ್ಕು ಸಾವಿರ ಅಡಿಯಲ್ಲಿ ಮಾಡುವ ಪಾಠಗಳೂ ಇವೆ. ಆ ಪಾಠಗಳನ್ನು ಶಾಲೆಯ ಮೊದಲೆರಡು ಗಂಟೆಗೂ, ಸುತ್ತಿನ ಪಾಠಗಳನ್ನು ಅದರ ಹಿಂದುಮುಂದಿನ ಹೊತ್ತಿಗೂ ಹಾಕಿಕೊಂಡರೆ ಅವರಿಗೆ ಹಾರಾಟದ ಗಂಟೆ ನಷ್ಟವಾಗುವುದಿಲ್ಲ. ಹೋಗಿಬರುವ ಇಂಧನದ ಖರ್ಚು ಸ್ವಲ್ಪ ಹೆಚ್ಚು. ಆ ಬೆಳಿಗ್ಗೆ ಅವರು ಮಾರುತ್ತರ ಕೊಡಲಿಲ್ಲ, ವಾರದ ಮೇಲೆ ಒಪ್ಪಿ ಪತ್ರ ಕಳಿಸಿದರು. ಆಗ ಐದನೆಯ ಮತ್ತು ಎಂಟನೆಯ ಇಯತ್ತೆಗೆ ನಡೆಯುತ್ತಿದ್ದ ಶಿಷ್ಯವೃತ್ತಿ ಪರೀಕ್ಷೆಯ ದಿನ ಪೂರ್ತಿ ಸುತ್ತು ಇರುವುದಿಲ್ಲವೆಂದೂ ಅದರಲ್ಲಿ ಬರೆದಿದ್ದರು.

ಗಣಿತ, ಚಿತ್ರಕಲೆ, ಆಟಗಳು ಈಗ ನಮ್ಮಲ್ಲಿ ಮೂರನೆಯ ತಾಸಿನ ನಂತರ. ಪತ್ರಾಸಿನ ಮೊಳೆಗಳಿಗೆ ರಬ್ಬರಿನ ವಾಷರ್ ಹಾಕಿಸಿದ್ದೇವೆ, ಝೇಂಕಾರ ಅರ್ಧಕ್ಕಿಂತ ಕಡಿಮೆಯಾಗಿದೆ. ಇಷ್ಟೊಂದು ಕಚೇರಿಗಳಲ್ಲಿ ಯಾರೂ ಹೇಳದ ಈ ಉಪಾಯ ಹೇಳಿದ್ದು ಊರಿನ ಬಡಿಗೇರರು. ಕೋಳಿ ಕಾಕಾ ಈಗ ದಿನಾ ತತ್ತಿಯ ಲೆಕ್ಕ ಬರೆದಿಡುತ್ತಾರೆ, ಎದುರಿಗೆ ವಿಮಾನ ಎಷ್ಟು ಸಲ ಬಂತೆಂದೂ ಗೆರೆ ಎಳೆಯುತ್ತಾರೆ. ಎರಡಕ್ಕೂ ಸಂಬಂಧವಿದೆಯೆಂದು ಅವರ ನೋಟ್‌ಬುಕ್ಕಿನಿಂದ ನನಗೆ ಇದುವರೆಗೆ ಕಂಡಿಲ್ಲ, ಅವರಿಗೆ ಕಂಡಿದೆ.

ಈ ಒಪ್ಪಂದಕ್ಕೆ ಕಾನೂನಿನ ಬಲವಿಲ್ಲ. ಒಪ್ಪಿಕೊಂಡಿದ್ದ ಮುಖ್ಯ ತರಬೇತುದಾರರು ಬೇರೆ ಕಡೆ ಹೋದಾಗ ಕೆಲವು ವಾರ ಎಲ್ಲವೂ ಮೊದಲಿನಂತಾಗಿತ್ತು. ಹೊಸಬರಿಗೆ ಪತ್ರದ ಪ್ರತಿ ತೋರಿಸಿದ ಮೇಲೆ ಅವರು ಅದನ್ನು ತಮ್ಮ ಸ್ಥಳೀಯ ಹಾರಾಟದ ಸೂಚನೆಗಳ ಪುಸ್ತಕದಲ್ಲಿಯೇ ಸೇರಿಸಿದರು. ರಾತ್ರಿಯ ವಿಷಯ ಮಾತ್ರ ಬಾಕಿಯಿದೆ. ಪರವಾನಗಿಗೆ ಪ್ರತಿಯೊಬ್ಬರೂ ಐದು ಗಂಟೆ ರಾತ್ರಿ ಹಾರಿರಬೇಕು, ಹತ್ತು ಸಲ ಏರಿ ಹತ್ತು ಸಲ ಇಳಿದಿರಬೇಕು, ಅದನ್ನು ಅವರು ಬೆಳದಿಂಗಳ ತಿಳಿ ರಾತ್ರಿಗಳಲ್ಲಿ ಒಟ್ಟಿಗೆ ಮುಗಿಸುತ್ತಾರೆ. ಒಂಬತ್ತರ ನಂತರ ಸುತ್ತು ಬೇಡವೆಂದು ಎರಡೂ ಗ್ರಾಮಪಂಚಾಯಿತಿಗಳು ಠರಾವು ಮಾಡಿವೆ. ಜೂನ್‌ನಲ್ಲಿ ಶಾಲೆ ತೆರೆದ ವಾರ ಹೊಸ ವೇಳಾಪತ್ರಿಕೆಯ ಜೊತೆಗೆ ಆ ಠರಾವಿನ ಪ್ರತಿಯನ್ನೂ ಗೇಟಿನಲ್ಲಿ ಕೊಟ್ಟು ಸಹಿ ಪಡೆದುಕೊಂಡು ಬರಬೇಕಾಗಿದೆ.